ಪ್ರತಿ: ಮೈನಸ್ 89.2 ಸರಿಯೋ, ಮೈನಸ್ 98 ಸರಿಯೋ?

ಭೂಮಿಯ ಮೇಲಿನ ಅತಿ ಹೆಚ್ಚು ಚಳಿ ಎಷ್ಟು ಎಂಬುದಕ್ಕೆ ಈ ಎರಡು ಅಂಕಿ ಕಾಣಲು ಕಾರಣ ಬಹುಶಃ ಇದು: ಒಂದು ಗಾಳಿಯದು, ಇನ್ನೊಂದು ಹಿಮದ ಮೈಯದು. ಅಂಟಾರ್ಕ್ಟಿಕಾದ ವೋಸ್ಟಾಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ಗಾಳಿಯಲ್ಲಿ ಅಳೆದದ್ದು ಮೈನಸ್ 89.2 ಡಿಗ್ರಿ. ಮೈನಸ್ 98 ಉಪಗ್ರಹದಿಂದ ಮಾಡಿದ ಅಂದಾಜು. ಮೋಡವಿಲ್ಲದ ರಾತ್ರಿ ಹಿಮದ ಮೈ ಅದರ ಮೇಲಿನ ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ, ಅಲ್ವಾ? ಎರಡನ್ನೂ ಸುಮ್ನೆ ಒಂದೇ ಪಟ್ಟಿಗೆ ಹಾಕಬೇಡಿ.

ಇಂಥ ಅಂಕಿ ಕಂಡರೆ, ಅಳೆದದ್ದು ಗಾಳಿಯನ್ನೋ ನೆಲವನ್ನೋ ಅಂತ ಮೊದಲು ನೋಡಿ. ಆಮೇಲೆ ಉಪಕರಣ. ಪಾದರಸ ಮೈನಸ್ 39ರ ಹತ್ತಿರವೇ ಗಟ್ಟಿಯಾಗುತ್ತದೆ. ಹಾಗಾಗಿ ಆಲ್ಕೋಹಾಲ್ ಅಥವಾ ಪ್ಲಾಟಿನಂ ಥರ್ಮಾಮೀಟರ್ ಇರಬೇಕು. ಕೊನೆಗೆ ವಿಶ್ವ ಹವಾಮಾನ ಸಂಸ್ಥೆಯ ದಾಖಲೆ ಪಟ್ಟಿಯಲ್ಲಿ ಹುಡುಕಿ. ಹೊಸ ಪಟ್ಟಿಯನ್ನೇ ನೋಡಿ: ಗ್ರೀನ್‌ಲ್ಯಾಂಡ್‌ನ ಕ್ಲಿಂಕ್‌ನಲ್ಲಿ 1991ರಲ್ಲಿ ದಾಖಲಾದ ಮೈನಸ್ 69.6ಕ್ಕೆ ಉತ್ತರಾರ್ಧಗೋಳದ ದಾಖಲೆ ಎಂಬ ಮಾನ್ಯತೆ ಸಿಕ್ಕಿದ್ದು 2020ರಲ್ಲಿ.