ಫಾರಂನಲ್ಲಿ ಧರ್ಮದ ಕಾಲಂ

ತಮ್ಮಾ,

ಸೌದಿಗೆ ಬರೋಕೆ ರಿಯಾದ್ ವೀಸಾ ಫಾರಂನಲ್ಲಿ ಧರ್ಮ ಅನ್ನೋ ಕಡೆ ‘ಯಾವುದೂ ಇಲ್ಲ’ ಅಂತ ಬರೀಲಾ ಅಂತ ಕೇಳಿದ್ದೀಯ. ಬರೀಬೇಡ. ಟಿಸಿಯಲ್ಲಿ ಏನಿದೆಯೋ ಅದನ್ನೇ ಬರಿ. ನಮ್ಮ ಪಾಸ್‌ಪೋರ್ಟ್‌ನಲ್ಲಿ ಧರ್ಮದ ಕಾಲಂ ಇಲ್ಲ, ಅವರು ನೋಡೋದು ಫಾರಂ ಒಂದನ್ನೇ. ಇಕಾಮದಲ್ಲಿ, ಅಂದ್ರೆ ಇಲ್ಲಿ ಇರೋಕೆ ಕೊಡೋ ಚೀಟೀಲಿ, ಮುಸ್ಲಿಮೇತರ ಅಂತ ಬಂದ್ರೆ ಸಾಕು. ಸುಳ್ಳು ಬರೆದಂಗಾಗಲ್ವಾ ಅಂತೀಯ. ಮಂಡ್ಯದ ಸ್ಕೂಲಲ್ಲಿ ಮೇಷ್ಟ್ರು ಬರ್ಕೊಂಡಾಗ ನಿನ್ನ ಕೇಳಿದ್ರಾ?

ಭಯ ಎಲ್ಲಿದೆ ಅಂತ ಸರಿಯಾಗಿ ತಿಳ್ಕೊ. ಧರ್ಮ ಬಿಟ್ಟದ್ದಕ್ಕೆ ಮರಣದಂಡನೆ ಅನ್ನೋದು ಇಸ್ಲಾಂ ಬಿಟ್ಟವರಿಗೆ, ನಿನಗೆ ತಾಗಲ್ಲ. ತಾಗೋದು ಇನ್ನೊಂದು, ನಾನು ಬಂದಾಗ ಇರದಿದ್ದದ್ದು: 2014ರ ಮಾರ್ಚ್‌ನಲ್ಲಿ ಇಲ್ಲಿನ ಗೃಹ ಸಚಿವಾಲಯ ಯಾವುದೆಲ್ಲಾ ಭಯೋತ್ಪಾದನೆ ಅನ್ನೋ ಪಟ್ಟಿ ಹೊರಡಿಸ್ತು. ನಾಸ್ತಿಕ ವಿಚಾರಕ್ಕೆ ಯಾವುದೇ ರೂಪದಲ್ಲಿ ಕರೆ ಕೊಡೋದು ಅದರ ಮೊದಲನೇ ಅಂಶದಲ್ಲೇ ಇದೆ. ಮನಸ್ಸಲ್ಲಿದ್ರೆ ಯಾರೂ ಕೇಳಲ್ಲ, ಬೆರಳಿಗೆ ಬಂತೋ ಅದು ಕರೆ. ಬ್ಲಾಗ್ ಬರೆದ ರೈಫ್ ಬದಾವಿಗೆ ಅದೇ ವರ್ಷ 10 ವರ್ಷ ಜೈಲು, 1,000 ಛಡಿಯೇಟು. ಅವನು ಈ ದೇಶದವನೇ.

ಹಾಗಾಗಿ ಫೋನು. ಬೆಂಗಳೂರು ಬಿಡೋ ಮುಂಚೆ ಹಳೇ ಪೋಸ್ಟ್, ಕಾಮೆಂಟ್, ಲೈಕ್ ಎಲ್ಲಾ ಒಂದೊಂದಾಗಿ ಅಳಿಸು. ವಿಚಾರವಾದಿ ಗುಂಪುಗಳಿಂದ ಹೊರಗೆ ಬಾ. ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳು ಗ್ಯಾಲರಿಯಲ್ಲಿ ಉಳಿದಿರ್ತವೆ, ಅವನ್ನೂ. ಆದ್ರೆ ಫೇಸ್‌ಬುಕ್ ಖಾತೆ ಮಾತ್ರ ಮುಚ್ಚಬೇಡ. ನಮ್ಮ ಕರಾವಳಿಯವರೊಬ್ಬರು ಒಂದು ಗಲಾಟೆಯಾದ ಮೇಲೆ ಖಾತೆ ಮುಚ್ಚಿದ್ರು. ಅವರ ಹೆಸರು, ಫೋಟೊ ಹಾಕಿ ಯಾರೋ ನಕಲಿ ಖಾತೆ ತೆರೆದು ಮೆಕ್ಕಾ ಬಗ್ಗೆ ಕೆಟ್ಟದಾಗಿ ಬರೆದ್ರು. 2019ರ ಡಿಸೆಂಬರ್‌ನಲ್ಲಿ ಅವರನ್ನ ಇಲ್ಲಿ ಹಿಡಿದವರು ಬಿಟ್ಟದ್ದು 2021ರ ಆಗಸ್ಟ್‌ನಲ್ಲಿ. ಖಾತೆ ನಕಲಿ ಅಂತ ಊರಿನ ಪೊಲೀಸರು ಪತ್ತೆ ಹಚ್ಚಿದ್ದಕ್ಕೆ ಬಚಾವು. ನಿನ್ನ ಖಾತೆಯ ಲಿಂಕ್, ಪಾಸ್‌ಪೋರ್ಟ್ ಜೆರಾಕ್ಸ್ ಮನೇಲಿ ಇಟ್ಟು ಬಾ. ಏನಾದ್ರೂ ಆದ್ರೆ ಅದೇ ದಿನ ಸೈಬರ್ ಅಪರಾಧ ನೋಡೋ ಸೆನ್ ಠಾಣೇಲಿ ದೂರು ಕೊಡಬೇಕು ಅಂತ ಅಣ್ಣನಿಗೆ ಹೇಳಿರು. ಎಫ್‌ಐಆರ್ ಪ್ರತಿ ರಾಯಭಾರ ಕಚೇರಿಗೆ ಬೇಕಾಗುತ್ತೆ.

ಊರಲ್ಲಿ ಎಲ್ಲಾ ಸಲೀಸು ಅಂತಲ್ಲ. ಧರ್ಮದ ಭಾವನೆ ಕೆರಳಿಸಿದ್ದಕ್ಕೆ ಹಾಕೋ ಹಳೇ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 299, 3 ವರ್ಷದವರೆಗೆ ಶಿಕ್ಷೆ. ಆದ್ರೆ ಅಲ್ಲಿ ಲಾಯರ್ ಹತ್ರ ಕನ್ನಡದಲ್ಲೇ ಅಳಬಹುದು.

ರಾಗಿ ಹಿಟ್ಟು ಸಿಗುತ್ತೆ, ಚಿಂತೆ ಬೇಡ. ರಂಜಾನ್‌ನಲ್ಲಿ ಹಗಲು ಹೊತ್ತು ಹೊರಗೆ ನೀರು ಕೂಡ ಕುಡೀಬೇಡ. ಸಂಬಳ ಕರಾರಿನಲ್ಲಿ ಇದ್ದಂಗೆ.

ಕಷ್ಟ ಅಂದ್ರೆ ರೂಮು. ನಮ್ಮ ಕಡೆಯವರೇ ಅಂತ ಬಾಯಿ ಬಿಡಬೇಡ ಕಣಪ್ಪ. ಬಾಡಿಗೆಗೋ ಪಾತ್ರೆ ತೊಳೆಯೋದಕ್ಕೋ ಜಗಳ ಬಂದ ದಿನ, ಎಂದೋ ಆಡಿದ ಮಾತು ಪೊಲೀಸರಿಗೆ ದೂರಾಗಿ ಹೋಗುತ್ತೆ. ಎಷ್ಟು ವರ್ಷವಾದ್ರೂ ಒಗ್ಗದ ವಿಷ್ಯ ಇದೊಂದೇ. ಮೇಲುಕೋಟೇಲಿ ಪುಳಿಯೋಗರೆ ತಿಂದು, ದೇವ್ರೇ ಇಲ್ಲ ಅಂತ ವಾದ ಮಾಡ್ತಾ ಬೆಟ್ಟ ಇಳಿಯೋ ಸುಖ ಇಲ್ಲಿಲ್ಲ. ಆದ್ರೆ ಈ ಸಲದ ವೈರಮುಡಿ ಮುಗಿಸ್ಕೊಂಡೇ ವಿಮಾನ ಹತ್ತು.