ಫೋರ್ಟ್‌ನ ಹಳೇ ಪಾರ್ಕನ್ನು ಹೊಸದು ಮಾಡ್ತಾರಂತೆ, ನಾವು ಏನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಮುಂಬೈಯ ಫೋರ್ಟ್‌ನಲ್ಲಿ ನಿಮ್ಮ ಆಫೀಸಿನ ಪಕ್ಕದ ಸಣ್ಣ ಪಾರ್ಕಿಗೆ ಪಾಲಿಕೆಯ ದುಡ್ಡು ಬರಲಿದೆ. ಫೌಂಟನ್, ಓಪನ್ ಜಿಮ್, ಸೆಲ್ಫಿ ಪಾಯಿಂಟ್ ಎಂದು ಮಾತು ನಡೆದಿದೆ. ಯಾವುದಕ್ಕೆ ಹೂಂ ಅನ್ನಬೇಕು?

ನನ್ನ ಕೇಳಿದರೆ ಮೂರೂ ಬೇಡ. ನಾನು ಇದೇ ಊರಿನ ಮಾಟುಂಗಾದವನು, ಪಾರ್ಕುಗಳಿಗೆ ಗಿಡ, ಮಣ್ಣು ಹಾಕುವ ಕಾಂಟ್ರಾಕ್ಟ್ ಕೆಲಸ ನನ್ನದು. ಕೆಲಸ ಹೆಚ್ಚಾದಷ್ಟೂ ನಮ್ಮ ಬಿಲ್ಲೂ ಜಾಸ್ತಿ. ಆದರೂ ಹೇಳುತ್ತಿದ್ದೇನೆ, ನಂಬಿ.

ಮೊದಲು ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಹೋಗಿ ಸುಮ್ನೆ ಕೂತು ನೋಡಿ. ಯಾರು ಬರುತ್ತಾರೆ? ಊಟದ ಡಬ್ಬಿ ಹಿಡಿದ ಬ್ಯಾಂಕಿನವರು, ಕೊರಿಯರ್ ಹುಡುಗರು, ಪ್ಯೂನ್‌ಗಳು, ಕೋರ್ಟಿಗೆ ಬಂದು ಕಾಯುವವರು. ಸಂಜೆ ಆಯಿತೋ, ಎಲ್ಲರೂ ಸಿಎಸ್‌ಟಿ ಇಲ್ಲವೇ ಚರ್ಚ್‌ಗೇಟ್ ರೈಲ್ವೆ ಸ್ಟೇಷನ್ ಕಡೆ ಓಡುತ್ತಾರೆ. ನಮ್ಮ ಮಾಟುಂಗಾದ ಫೈವ್ ಗಾರ್ಡನ್ಸ್‌ನ ಲೆಕ್ಕವೇ ಬೇರೆ. ಬೆಳಿಗ್ಗೆ ವಾಕಿಂಗ್‌ನವರು, ಸಂಜೆ ಮಕ್ಕಳು, ಅಜ್ಜ ಅಜ್ಜಿಯರು. ಜನ ವಾಸ ಮಾಡುವ ಕಡೆಯ ನಕ್ಷೆಯನ್ನು ತಂದು ಆಫೀಸುಗಳ ನಡುವೆ ಇಟ್ಟರೆ ಜೋಕಾಲಿಗೆ ತುಕ್ಕು ಹಿಡಿಯುತ್ತದೆ, ಡಬ್ಬಿ ಬಿಚ್ಚುವವರಿಗೆ ನೆರಳಿರುವುದಿಲ್ಲ.

ಹಾಗಾಗಿ ಗೇಟಿನ ಸಮಯದಿಂದಲೇ ಶುರು ಮಾಡಿ. ಮುಂಬೈಯ ಎಷ್ಟೋ ಪಾರ್ಕುಗಳಿಗೆ ಮಧ್ಯಾಹ್ನ ಬೀಗ ಹಾಕುವ ರೂಢಿ ಇತ್ತು. ಫೋರ್ಟ್‌ನಂಥ ಕಡೆ ಅದು ಊಟದ ಹೊತ್ತಿಗೆ ಹೋಟೆಲ್ ಮುಚ್ಚಿದಂತೆ. ನಿಮ್ಮಲ್ಲೂ ಹಾಗೇ ಇದ್ದರೆ ಮೊದಲು ಬೀಗ ತೆಗೆಸಿ. ಇದಕ್ಕೆ ಟೆಂಡರ್ ಬೇಕಿಲ್ಲ.

ಆಮೇಲೆ ನೆರಳು, ಕೂರಲು ಜಾಗ. ಫೋರ್ಟ್‌ನಲ್ಲೇ ಇರುವ ಹಾರ್ನಿಮನ್ ಸರ್ಕಲ್ ನೋಡಿ. ಒಂದು ಕಾಲಕ್ಕೆ ಕಸ ಸುರಿಯುತ್ತಿದ್ದ ಜಾಗ ಅದು. 1872ರ ಹೊತ್ತಿಗೆ ವೃತ್ತಾಕಾರದ ಉದ್ಯಾನವಾಯಿತು. ಆಗ ಅದರ ಹೆಸರು ಎಲ್ಫಿನ್‌ಸ್ಟನ್ ಸರ್ಕಲ್. ಸ್ವಾತಂತ್ರ್ಯದ ನಂತರ ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಬೆಂಜಮಿನ್ ಹಾರ್ನಿಮನ್ ಹೆಸರಿಟ್ಟರು. ಇವತ್ತಿಗೂ ಅಲ್ಲಿಗೆ ಜನ ಬರುವುದು ದೊಡ್ಡ ಮರಗಳ ತಂಪಿಗೆ, ಬೇರೆ ಯಾವ ಅಲಂಕಾರಕ್ಕೂ ಅಲ್ಲ.

ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು, ಪೇಟೆಯ ಬಯಲುಗಳಲ್ಲಿ ಜನ ಎಲ್ಲೆಲ್ಲಿ ನಿಲ್ಲುತ್ತಾರೆ, ಕೂರುತ್ತಾರೆ ಎಂದು ನೋಡಿದರು. ಕೊನೆಗೆ ಸಿಕ್ಕ ಉತ್ತರ ಕೇಳಿದರೆ ನಗು ಬರುತ್ತದೆ: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ! ಆದರೆ ಅಷ್ಟು ಸರಳ ಸಂಗತಿಯನ್ನೇ ನಕ್ಷೆ ಬರೆಯುವವರು ಮರೆತಿದ್ದರು. ಅಲ್ಲಿನ ಬ್ರಯಂಟ್ ಪಾರ್ಕ್ ಡ್ರಗ್ಸ್ ಮಾರುವವರ ಕೈಗೆ ಹೋಗಿತ್ತು. ಬೇಲಿಗಿಡ ತೆಗೆದು, ಒಳಗೆ ಹೋಗುವ ದಾರಿ ಅಗಲ ಮಾಡಿ, ಬೇಕಾದಲ್ಲಿಗೆ ಎಳೆದುಕೊಳ್ಳುವ ಕುರ್ಚಿ ಹಾಕಿ 1992ರಲ್ಲಿ ಮತ್ತೆ ತೆರೆದರು. ಈಗ ಜನ ತುಂಬಿರುತ್ತಾರೆ.

ಬಿಡಿ ಕುರ್ಚಿ ನಮ್ಮಲ್ಲಿ ಮರುದಿನ ಇರುತ್ತದಾ ಅಂತ ನೀವು ಕೇಳಬಹುದು. ಸರಿ, ಕಟ್ಟೆ ಕೇಳಿ. ಡಬ್ಬಿ ಇಟ್ಟುಕೊಂಡು ಎದುರುಬದುರು ಕೂರುವಷ್ಟು ಅಗಲ ಇರಲಿ. ಆದರೆ ಮರದ ಬುಡಕ್ಕೆ ಅಂಟಿಸಿ ಸಿಮೆಂಟು ಹಾಕಲು ಬಿಡಬೇಡಿ. ಬೇರಿಗೆ ನೀರು, ಗಾಳಿ ಸಿಗದೆ ಮರ ಸೊರಗುತ್ತದೆ, ಮಳೆಗಾಲದ ಗಾಳಿಗೆ ಉರುಳುತ್ತದೆ. ದೆಹಲಿಯ ಮರಗಳ ವಿಷಯದಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಒಳಗೆ ಕಾಂಕ್ರೀಟ್ ಇರಬಾರದು ಎಂದಿತ್ತು. ಅಷ್ಟನ್ನಾದರೂ ಹಿಡಿದು ಕೇಳಿ. ಹಳೆಯ ಮರ ಕಡಿಯುವ ಮಾತು ಬಂದರೆ 1975ರ ಮಹಾರಾಷ್ಟ್ರದ ಮರ ಕಾಯ್ದೆ ನೆನಪಿಸಿ, ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಹೊಸದಾಗಿ ನೆಡಲು ಹೊಂಗೆ, ರಂಜೆ, ಹೊಳೆದಾಸವಾಳ ಸಾಕು. ಮರಾಠಿಯವರು ತಾಮಣ್ ಅನ್ನುವುದು ಈ ಹೊಳೆದಾಸವಾಳವನ್ನೇ, ಅದು ಈ ರಾಜ್ಯದ ಹೂವು.

ಬೇಲಿಗಿಡ ಸೊಂಟದ ಎತ್ತರ ದಾಟದಿರಲಿ. ರಸ್ತೆಯಿಂದ ಒಳಗೆ ಕಂಡರೆ ಹೆಂಗಸರು ಒಬ್ಬರೇ ಬಂದು ಕೂರುತ್ತಾರೆ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನ್ನ ಕಸುಬು ಅಲ್ವಾ. ಇಲ್ಲಿ ನಾಲ್ಕು ತಿಂಗಳಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ಎಂಟು ತಿಂಗಳು ಒಣ. ಸಿಮೆಂಟಿನ ಮೇಲೆ ಪೇವರ್ ಬ್ಲಾಕ್ ಕೂರಿಸಿದರೆ ನೀರು ಇಂಗುವುದಿಲ್ಲ, ರಸ್ತೆಗೆ ಹರಿಯುತ್ತದೆ. ಜಲ್ಲಿ, ಮರಳಿನ ಮೇಲೆ ಕೂರಿಸಿ, ಸಂದು ಬಿಡಿ ಎನ್ನಿ. ಉದ್ಯಾನದ ಅಡಿಯಲ್ಲಿ ನೀರು ಹಿಡಿಯುವುದು ಈ ಊರಿಗೆ ಹೊಸದಲ್ಲ. ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ಇರುವುದೇ ಕುಡಿಯುವ ನೀರಿನ ಜಲಾಶಯದ ಮೇಲೆ. ದಾದರಿನ ಹತ್ತಿರದ ಹಿಂದ್‌ಮಾತಾದಲ್ಲಿ ಪ್ರತಿ ಮಳೆಗೆ ನೀರು ನಿಲ್ಲುತ್ತಿತ್ತು. ಆ ನೀರನ್ನು ತುಂಬಿಡಲು ಪಾಲಿಕೆ ದಾದರಿನ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲೂ ಪರೇಲಿನ ಮೈದಾನವೊಂದರ ಅಡಿಯಲ್ಲೂ ದೊಡ್ಡ ಟ್ಯಾಂಕ್ ಕಟ್ಟಿತು.

ಇಷ್ಟೆಲ್ಲ ಆದ ಮೇಲೂ ಪಾರ್ಕ್ ಹಾಳಾಗುವುದು ಉದ್ಘಾಟನೆಯ ನಂತರ. ಮಾಲಿಯ ಸಂಬಳ, ಒಡೆದ ನಲ್ಲಿ, ವಾಚ್‌ಮನ್, ಈ ದುಡ್ಡು ಎಲ್ಲಿಂದ ಬರುತ್ತದೆ ಎಂದು ಬರಹದಲ್ಲಿ ಕೇಳಿ. ನಮ್ಮ ಮಾಟುಂಗಾದ ಫ್ಲೈಓವರ್ ಅಡಿಯಲ್ಲಿ 2016ರಲ್ಲಿ ನಾನಾಲಾಲ್ ಮೆಹ್ತಾ ಉದ್ಯಾನ ತೆರೆಯಿತು. ನರ್ಮದೆಯ ಹರಿವಿನಂತೆ ತಿರುಗುವ ನಡಿಗೆ ದಾರಿ, ಸುಮಾರು 600 ಮೀಟರ್. ಅದು ಆಗಿದ್ದು ಸುತ್ತಲಿನ ಜನ ಬೆನ್ನು ಬಿಡದೆ ಕೇಳಿದ್ದರಿಂದ. ಹಾಗಂತ ಪಾರ್ಕನ್ನು ಪೂರ್ತಿ ಖಾಸಗಿಯವರ ಕೈಗೆ ಕೊಡುವ ಮಾತಿಗೆ ಬೇಗ ಒಪ್ಪಬೇಡಿ. ಪಾಲಿಕೆ ಹಾಗೆ ನೋಡಿಕೊಳ್ಳಲು ದತ್ತು ಕೊಟ್ಟ ಬಯಲುಗಳ ಬಗ್ಗೆ 2016ರಲ್ಲಿ ಇಲ್ಲಿ ದೊಡ್ಡ ಗಲಾಟೆಯೇ ಆಗಿದೆ, ಕೆಲವು ಕಡೆ ಕ್ಲಬ್ ಎದ್ದು ಜನರಿಗೆ ಗೇಟು ಮುಚ್ಚಿತ್ತು.

ಅರ್ಜಿಯನ್ನು ಫೋರ್ಟ್ ಸೇರುವ ಪಾಲಿಕೆಯ ಎ ವಾರ್ಡ್ ಆಫೀಸಿಗೆ ಮರಾಠಿಯಲ್ಲೇ ಕೊಡಿ, ಬೇಗ ಓದುತ್ತಾರೆ. ಅಕ್ಕಪಕ್ಕದ ಆಫೀಸಿನವರ ಸಹಿ ಇರಲಿ, ಉಡುಪಿ ಹೋಟೆಲಿನವರದ್ದೂ ಹಾಕಿಸಿ. ಫೌಂಟನ್ ಆಗಲೇ ಟೆಂಡರಿನಲ್ಲಿ ಸೇರಿಬಿಟ್ಟಿದ್ದರೆ ಜಗಳ ಬೇಡ. ಹೇಗೂ ಪೈಪು ಎಳೆಯುತ್ತಾರೆ, ಅದೇ ಲೈನಿನಿಂದ ಕುಡಿಯುವ ನೀರಿನ ನಲ್ಲಿಯೂ ಒಂದು ಶೌಚಾಲಯವೂ ಬೇಕು ಎಂದು ಪಟ್ಟು ಹಿಡಿಯಿರಿ.