ಓದುಗರ ಪ್ರಶ್ನೆ ತಿದ್ದಿ ಅಚ್ಚು ಹಾಕಬೇಕೇ?

ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: 'ನಿಮ್ಮ ಪ್ರಶ್ನೋತ್ತರ ಪುಟದಲ್ಲಿ ಇಡೀ ಡಬ್ಬಿಗೇ ಸಿಪಿಯು ಅನ್ನುತ್ತಾರೆ. ಮೆಮೊರಿ, ಫಾರ್ಮ್ಯಾಟ್, ನುಡಿ ತಂತ್ರಾಂಶ ಎಲ್ಲವೂ ಬಾಯಿಗೆ ಬಂದಂತೆ. ಪ್ರಶ್ನೆಗಳನ್ನು ತಿದ್ದಿ, ಸರಿಯಾದ ಪದ ಹಾಕಿ ಅಚ್ಚು ಮಾಡಿ.'

ಗುರುಗಳೇ, ಸಿಪಿಯು ಎಂದರೆ ಇಡೀ ಡಬ್ಬಿಯಲ್ಲ, ಅದರೊಳಗೆ ಲೆಕ್ಕ ಮಾಡುವ ಪ್ರೊಸೆಸರ್ ಚಿಪ್ಪು ಎಂಬುದು ನಿಜ. ಆದರೂ ಓದುಗರ ಪ್ರಶ್ನೆಗಳನ್ನು ನಾವು ತಿದ್ದುವುದಿಲ್ಲ. ಅದು ಯೋಚಿಸಿ ಮಾಡಿದ ನಿರ್ಧಾರ. ಗೋಕಾಕದ ಒಬ್ಬ ತಾಯಿ 'ಸಿಪಿಯು ಚಾಲೂ ಆಗವಲ್ದು' ಎಂದು ಬರೆದರೆ, ಅವರು ಯಾವುದರ ಗುಂಡಿ ಒತ್ತಿದರೆಂದು ನಿಮಗೂ ಗೊತ್ತು, ನಮಗೂ ಗೊತ್ತು. ಅವರ ಮಾತು ಅಳಿಸಿ ನಮ್ಮ ಮಾತು ಕೂಡಿಸಿದರೆ ಆ ಪ್ರಶ್ನೆ ಅವರದಾಗಿ ಉಳಿಯುವುದಿಲ್ಲ, ಮತ್ತೆ ಕೇಳಲು ಅವರು ಹಿಂಜರಿಯುತ್ತಾರೆ. ಸರಿಯಾದ ಪದದ ಜಾಗ ಉತ್ತರದಲ್ಲಿದೆ.

ಅದೇ ಪದ ರಿಪೇರಿ ಅಂಗಡಿಯ ಬಿಲ್ಲಿಗೆ ಬಂದಾಗ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. 'ಸಿಪಿಯು ಹೋಗೇತ್ರಿ' ಅಂದರೆ ಹೋದದ್ದು ಏನು? ಮದರ್‌ಬೋರ್ಡಿನ ಮೇಲೆ ಕೂಡುವ ಪ್ರೊಸೆಸರೋ, ಡಬ್ಬಿಯ ಭಾಗಗಳಿಗೆ ವಿದ್ಯುತ್ ಹಂಚುವ, ಕರೆಂಟಿನ ಏರುಪೇರಿಗೆ ಸುಡುವ ಎಸ್‌ಎಂಪಿಎಸ್ಸೋ? ಪ್ರೊಸೆಸರ್ ತಾನಾಗಿ ಕೆಡುವುದು ಅಪರೂಪ. ಎರಡರ ಬೆಲೆಗೂ ಬಹಳ ಅಂತರ. ಬದಲಿಸಿದ ಭಾಗದ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳದ ಗಿರಾಕಿಗೆ ತಾನು ಯಾವುದಕ್ಕೆ ದುಡ್ಡು ಕೊಟ್ಟೆ ಎಂಬುದೇ ತಿಳಿಯುವುದಿಲ್ಲ.

ಇನ್ನೂ ಭಯ ಹುಟ್ಟಿಸುವ ಪದ ಫಾರ್ಮ್ಯಾಟ್. 'ಭಾಳ ಸ್ಲೋ ಆಗೇತಿ, ಫಾರ್ಮ್ಯಾಟ್ ಹೊಡೀರಿ' ಎಂದು ಹೇಳಿ ಜನ ಕಂಪ್ಯೂಟರ್ ಬಿಟ್ಟು ಹೋಗುತ್ತಾರೆ. ಅವರ ಮನಸ್ಸಿನಲ್ಲಿರುವುದು 'ಸ್ವಚ್ಛ ಮಾಡ್ರಿ' ಎಂದಷ್ಟೇ. ಆದರೆ ಫಾರ್ಮ್ಯಾಟ್ ಎಂದರೆ ಡ್ರೈವಿನಲ್ಲಿ ಇಟ್ಟದ್ದನ್ನೆಲ್ಲ ಅಳಿಸುವುದು. ಮಗಳ ಮದುವೆಯ ಫೋಟೋ, ಹೊಲದ ಕಾಗದಪತ್ರದ ಸ್ಕ್ಯಾನ್ ಎಲ್ಲ ಅದೇ ಡ್ರೈವಿನಲ್ಲಿದ್ದು ಬೇರೆಲ್ಲೂ ಪ್ರತಿ ಇಲ್ಲದಿದ್ದರೆ ಮುಂದೇನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಇಲ್ಲಿ ತಪ್ಪು ತಿಳಿವಳಿಕೆಯನ್ನು ಸುಮ್ಮನೆ ಬಿಡುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಮೆಮೊರಿಯ ಗೊಂದಲವೂ ದುಡ್ಡು ತಿನ್ನುತ್ತದೆ. ಕೆಲಸ ನಡೆಯುವಾಗ ಬಳಕೆಯಾಗುವ ರ್‍ಯಾಮ್‌ಗೂ, ಫೋಟೋ, ಕಡತ ಇಡುವ ಸ್ಟೋರೇಜಿಗೂ ಜನ ಮೆಮೊರಿ ಅನ್ನುತ್ತಾರೆ. ರ್‍ಯಾಮ್‌ನಲ್ಲಿ ಇರುವುದು ಕರೆಂಟ್ ಹೋದೊಡನೆ ಅಳಿಯುತ್ತದೆ, ಸ್ಟೋರೇಜಿನಲ್ಲಿ ಇಟ್ಟದ್ದು ಉಳಿಯುತ್ತದೆ. 'ಮೆಮೊರಿ ಫುಲ್' ಎಂಬ ದೂರು ಸಾಮಾನ್ಯವಾಗಿ ಎರಡನೆಯದರ ಬಗ್ಗೆ. ಅದಕ್ಕೆ ರ್‍ಯಾಮ್ ಹೆಚ್ಚಿಸಿ ಪ್ರಯೋಜನವಿಲ್ಲ.

ನುಡಿಯ ವಿಷಯ ನಮ್ಮ ಕಚೇರಿಯ ನಿತ್ಯದ ಪಾಡು. 'ನುಡ್ಯಾಗ ಟೈಪ್ ಮಾಡೇನ್ರಿ' ಎಂದು ಲೇಖಕರು ಕಳಿಸಿದ ಕಡತ ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ನುಡಿ ಎಂದರೆ ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ. ಅದರ ಹಳೆಯ ಫಾಂಟುಗಳಿಗೂ ಜನ ನುಡಿ ಅನ್ನುತ್ತಾರೆ, ಕೀಲಿಮಣೆ ವಿನ್ಯಾಸಕ್ಕೂ ಅನ್ನುತ್ತಾರೆ. ತೊಂದರೆ ಇರುವುದು ಆ ಹಳೆಯ ಫಾಂಟುಗಳಲ್ಲಿ. ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳ ಮೇಲೆ ಕನ್ನಡದ ರೂಪ ಕೂಡಿಸಿದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಕಾಣುವುದೇ ಇಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಟ್ಟ ಪದ್ಧತಿ. ಯೂನಿಕೋಡ್‌ನಲ್ಲಾದರೆ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ನುಡಿಯಲ್ಲಿಯೇ ಯೂನಿಕೋಡ್ ಆರಿಸಿಕೊಂಡು ಅದೇ ಕೀಲಿಮಣೆಯಲ್ಲಿ ಟೈಪ್ ಮಾಡಬಹುದು, ರೂಢಿಯಾದ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಆದ್ದರಿಂದ ಈಗ ಲೇಖಕರನ್ನು 'ನುಡಿಯೋ ಅಲ್ಲವೋ' ಎಂದು ಕೇಳುವುದಿಲ್ಲ, 'ಯೂನಿಕೋಡ್ ಹೌದೋ' ಎಂದು ಕೇಳುತ್ತೇವೆ. ಒಂದು ಪದ ಸರಿಯಾಗಿ ಕೇಳಿದ್ದಕ್ಕೆ ಮರುಟೈಪಿನ ಎಷ್ಟೋ ಕೆಲಸ ತಪ್ಪಿದೆ.

ನೆಟ್, ಚಾರ್ಜರ್, ಝೆರಾಕ್ಸ್ ಇವನ್ನೆಲ್ಲ ಹಾಗೇ ಬಿಡೋಣ. ಅವುಗಳಿಂದ ಯಾರಿಗೂ ನಷ್ಟವಿಲ್ಲ.

'ಸರ್ವರ್ ಡೌನ್', ಅಂದರೆ ದಾಖಲೆ ಇಟ್ಟ ದೂರದ ಕಂಪ್ಯೂಟರ್ ಕೆಲಸ ಮಾಡುತ್ತಿಲ್ಲ ಎಂಬ ಮಾತು ಮಾತ್ರ ನನ್ನನ್ನು ಕಾಡುತ್ತದೆ. ಪಹಣಿಗೆ, ರೇಷನ್ ಕಾರ್ಡಿಗೆ ಹೋದವರಿಗೆ ಸಿಗುವ ಉತ್ತರ ಅದೇ. ಆಗಿರುವುದು ಬೆರಳಚ್ಚು ಹೊಂದದಿರುವುದೋ, ಒಟಿಪಿ ಬಾರದಿರುವುದೋ, ಅಲ್ಲಿಯ ಲೈನ್ ಕಡಿದಿರುವುದೋ ಇರಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ಕೂಲಿ ಬಿಟ್ಟು ಬಂದವರಿಗೆ ನಿಜವಾದ ಕಾರಣ ತಿಳಿಯಲೇಬೇಕು.

ನಿಮ್ಮಲ್ಲಿ ಒಂದು ವಿನಂತಿ. ಇಂಥ, ನಷ್ಟ ತರುವ ಪದಗಳನ್ನು ನಿಮ್ಮ ವಿದ್ಯಾರ್ಥಿಗಳಿಂದ ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಕೇಳಿ ಬರೆಸಿ ಕಳಿಸಿ. ಜನರ ಮಾತು ಒಂದು ಕಡೆ, ನಿಮ್ಮ ವಿವರಣೆ ಅದರ ಪಕ್ಕಕ್ಕೆ ಇರಿಸಿ ಪ್ರಕಟಿಸುತ್ತೇವೆ.

– ಸಂಪಾದಕ, ಬೆಳಗಾವಿ